ಮಜ್ಜಿಗೆ ಚೆಲ್ಲದ ದಾರಿ

ಮಾನ್ವಿ ತಾಲೂಕಿನಲ್ಲಿ ಫ್ರಾನ್ಸ್ ದೇಶದ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ! ಉಳಿದವರದೆಲ್ಲ ಸಣ್ಣ ಅಳತೆಯ ಹೊಟ್ಟೆಕಿಚ್ಚು. ಪಕ್ಕದ ಹೊಲದವನ ಎತ್ತಿನ ಮೇಲೆ, ಎದುರು ಮನೆಯವರ ರೇಡಿಯೋದ ಮೇಲೆ, ತೀರಾ ದೊಡ್ಡ ಮನಸ್ಸು ಮಾಡಿದರೆ ಸಿಂಧನೂರು ಸೀಮೆಯವರ ಮೇಲೆ ಹೊಟ್ಟೆ ಉರಿಸಿಕೊಂಡು ತೃಪ್ತರಾಗುತ್ತಿದ್ದರು. ತುಂಗಭದ್ರೆಯ ಕಾಲುವೆ ನೀರು ಮೊದಲು ಸಿಂಧನೂರಿಗೆ ಸಿಕ್ಕು, ಅವರು ಉಂಡು ಬಿಟ್ಟದ್ದು ನಮಗೆ ಬರುತ್ತಿದ್ದುದರಿಂದ ಅದರಲ್ಲಿ ಒಂದಿಷ್ಟು ನ್ಯಾಯವೂ ಇತ್ತು. ಆದರೆ ಇಡೀ ಒಂದು ದೇಶದ ಮೇಲೆ, ಅದೂ ಆ ದೇಶ ಎಲ್ಲಿದೆ ಎಂದು ಗೊತ್ತಿಲ್ಲದೆ, ಹೊಟ್ಟೆಕಿಚ್ಚು ಪಡುವುದೆಂದರೆ ಅದಕ್ಕೆ ಎದೆಗಾರಿಕೆ ಬೇಡವೆ?

"ಫ್ರಾನ್ಸ್ ಅಂದ್ರ ಮುಂಬಯಿ ಆಚಿಗೇನು?" ಎಂದು ಒಮ್ಮೆ ಕೇಳಿದ್ದರು.

"ಬಹಳ ಆಚಿಗೆ, ಕಾಕಾ."

"ಎಷ್ಟ ಆಚಿಗಿದ್ರೇನು! ಅವರದೂ ಕಾಲುವೀನ, ನಮ್ಮದೂ ಕಾಲುವೀನ."

ಕಾಕಾ ನಮ್ಮಪ್ಪನ ತಮ್ಮ. ಕಲ್ಲೂರಿನಲ್ಲಿ ಅವರದೊಂದು ಅಕ್ಕಿ ಗಿರಣಿ. ಹಣೆಗೆ ಮೂರು ಬೆರಳಿನ ವಿಭೂತಿ, ಕಚ್ಚೆ ಧೋತರ, ಮಳೆಯಿರಲಿ ಇಲ್ಲದಿರಲಿ ಕಂಕುಳಲ್ಲೊಂದು ಕೊಡೆ. ಯಾರು ಏನು ಹೇಳಿದರೂ ಬಾಯಿಮಾತಿಗೆ ಒಪ್ಪುವವರಲ್ಲ. ಪರೀಕ್ಷೆ ಮಾಡಿ ನೋಡಬೇಕು. ಎಮ್ಮೆ ಹಾಲು ಕಡಿಮೆ ಕೊಡುತ್ತಿದೆ ಎಂದು ಅವರ ಹೆಂಡತಿ, ನಮ್ಮ ಚಿಗವ್ವ, ಒಮ್ಮೆ ಅಂದದ್ದಕ್ಕೆ, ಅದರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಕೊಟ್ಟಿಗೆಯಲ್ಲೇ ಹಾಸಿಗೆ ಹಾಸಿಕೊಂಡ ಮನುಷ್ಯ ಅವರು. ಎಮ್ಮೆಗೆ ಸಂಕೋಚವಾಗಿ ಮರುದಿನ ಇನ್ನೂ ಕಡಿಮೆ ಕೊಟ್ಟಿತು ಎಂಬುದು ಬೇರೆ ಮಾತು.

ಅವರಿಗೆ ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ಹಾಗಾಗಿ ನನಗೆ ಅಕ್ಕ. ಅವಳನ್ನು ನಮ್ಮ ತಾಲೂಕಿನ ಮಲ್ಲಟಕ್ಕೇ ಕೊಟ್ಟಿದ್ದರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಇದು ನಗುವ ವಿಷಯವಲ್ಲ. ಹಿಂದೊಮ್ಮೆ ಅಕ್ಕ ಬಸುರಿಯಾದಾಗ ಏಳು ತಿಂಗಳಿಗೆ ಕುಬಸದ ಶಾಸ್ತ್ರ ಮಾಡಿ, ಮೊದಲ ಹೆರಿಗೆ ತವರಿನಲ್ಲಾಗಬೇಕೆಂಬ ಪದ್ಧತಿಯಂತೆ ಅವಳನ್ನು ಕರೆತಂದವರು ಕಾಕಾ. ಬಸ್ಸಿನಲ್ಲಿ ಕರೆತಂದರು. ಕಿಟಕಿಯೊಳಗಿಂದ ಟವೆಲ್ ಎಸೆದು ಅವಳಿಗೆ ಸೀಟು ಹಿಡಿದದ್ದನ್ನು ಮನೆಗೆ ಬಂದ ಕೂಡಲೇ ಹೆಮ್ಮೆಯಿಂದ ಹೇಳಿದರು. ಅದೇ ಸಂಜೆ ಅಕ್ಕ, "ಹೊಟ್ಯಾಗ ಸುಮ್ಮನಾಗೇದ" ಅಂದಳು. ಕೂಸು ಉಳಿಯಲಿಲ್ಲ. ಇದು ಬಸ್ಸಿನ ಕುಲುಕಾಟದಿಂದ ಆದದ್ದಲ್ಲ, ಕೆಲವೊಮ್ಮೆ ಹೀಗಾಗುತ್ತದೆ ಎಂದು ರಾಯಚೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಾಕಾ ತಲೆಯಾಡಿಸಿದರು. ಒಪ್ಪಲಿಲ್ಲ. ಅಲ್ಲಿಂದ ಮುಂದೆ ಅವರ ಹೆಗಲ ಮೇಲೆ ಟವೆಲ್ ಇದ್ದದ್ದನ್ನು ನಾನು ನೋಡಿಲ್ಲ.

ಈಗ ಅಕ್ಕ ಮತ್ತೆ ಬಸುರಿ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಕರೆತರಬೇಕು. ಮಲ್ಲಟದಿಂದ ಕಲ್ಲೂರಿಗೆ ಅವಳನ್ನು ಒಂದಿಷ್ಟೂ ಕುಲುಕದಂತೆ ತರುವುದು ಹೇಗೆ? ಕಾಕಾ ತಿಂಗಳುಗಟ್ಟಲೆ ಇದೊಂದನ್ನೇ ಯೋಚಿಸಿದರು. ಯೋಚಿಸಿದ ಮೇಲೆ, ಅವರ ಸ್ವಭಾವಕ್ಕೆ ತಕ್ಕಂತೆ, ಪರೀಕ್ಷೆಗೆ ಇಳಿದರು. ಹಾಗೆ ಶುರುವಾದದ್ದು ಮಜ್ಜಿಗೆ ಪರೀಕ್ಷೆ!

ಪರೀಕ್ಷೆ ಸರಳವಾದದ್ದು. ಲೋಟದ ತುಂಬ ಮಜ್ಜಿಗೆ ಹಿಡಿದುಕೊಂಡು ವಾಹನ ಹತ್ತುವುದು. ಊರು ಮುಟ್ಟಿದಾಗ ಎಷ್ಟು ಉಳಿದಿದೆ ನೋಡುವುದು. ಮಜ್ಜಿಗೆ ಉಳಿಸದ ವಾಹನ ಕೂಸನ್ನು ಉಳಿಸೀತೆ?

ಮೊದಲು ಬಸ್ಸು. ನಾನು ಅವರ ಹಿಂದಿನ ಸೀಟಿನಲ್ಲಿ, ನನಗೂ ಅವರಿಗೂ ಸಂಬಂಧವಿಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಎರಡೂ ಕೈಯಲ್ಲಿ ಲೋಟ ಎತ್ತಿ ಹಿಡಿದು ಕೂತ ಕಾಕಾನನ್ನು ನೋಡಿ ಒಬ್ಬ ಮುದುಕಿ ಭಕ್ತಿಯಿಂದ ಕೈಮುಗಿದಳು.

"ಯಜಮಾನ್ರ, ಕುಡೀರಿ, ಇಲ್ಲಾಂದ್ರ ಹೊರಗ ಚೆಲ್ರಿ" ಅಂದ ಕಂಡಕ್ಟರ್.

"ನಿನ್ನ ಬಸ್ಸು ನೀ ನೋಡ್ಕೊಳಪಾ. ಮಜ್ಜಿಗಿ ನನ್ನದು."

"ಮಜ್ಜಿಗಿ ನಿಮ್ದು, ಖರೇ ಅದ. ಅದು ಬೀಳಾಕತ್ತಿದ್ದು ಈ ಅಕ್ಕಾರ ಸೀರಿ ಮ್ಯಾಲ!"

ಬಸ್ಸು ಮೊದಲ ತಗ್ಗಿನಲ್ಲೇ ನಪಾಸಾಯಿತು. ಟ್ರ್ಯಾಕ್ಟರಿನಲ್ಲಿ ಗಿರಣಿಯ ಅಂಗಳ ದಾಟುವಷ್ಟರಲ್ಲಿ ಮಜ್ಜಿಗೆ ಹೋಗಲಿ, ಲೋಟವೇ ಕೈಯಲ್ಲಿ ಉಳಿಯಲಿಲ್ಲ. ಚಕ್ಕಡಿ ಮಾತ್ರ ಅರ್ಧ ಲೋಟ ಉಳಿಸಿತು. ಕಾಕಾನ ಮುಖದಲ್ಲಿ ಆಸೆ ಮೂಡಿತು. ಅಷ್ಟರಲ್ಲಿ ಎತ್ತು ಬಾಲ ಬೀಸಿತು. ಉಳಿದರ್ಧ ಲೋಟ ಅವರ ವಿಭೂತಿಗೆ ಅಭಿಷೇಕವಾಯಿತು.

"ಮಂದಿ ನನಗ ಕೇಳ್ತಾರ, ನಿನ್ನ ಗಂಡ ದಿನಾ ಎಲ್ಲಿಗೆ ಹೋಗ್ತಾನ ಅಂತ," ಅಂದಳು ಚಿಗವ್ವ. "ಏನ್ ಹೇಳ್ಲಿ? ಮಜ್ಜಿಗಿಗೆ ಊರು ತೋರಿಸಾಕ ಹೋಗ್ಯಾರ ಅನ್ಲೇನು?"

ಫ್ರಾನ್ಸ್ ಬಂದದ್ದು ಈ ಹೊತ್ತಿನಲ್ಲಿ. ಅದನ್ನು ಮನೆಗೆ ತಂದವಳು ನಾನೇ ಎಂದು ಚಿಗವ್ವ ಇಂದಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೆಲಸದ ಕರೆ ಕಾಯುತ್ತ ಊರಿನಲ್ಲಿದ್ದೆ. ನನ್ನ ಟ್ರಂಕಿನಲ್ಲಿ ರದ್ದಿ ಅಂಗಡಿಯಿಂದ ತಂದ ಒಂದು ಇಂಗ್ಲಿಷ್ ಪತ್ರಿಕೆ ಇತ್ತು. ಅದರಲ್ಲಿ, ಗಂಡಹೆಂಡತಿ ಇಬ್ಬರು ಫ್ರಾನ್ಸಿನ ಕಾಲುವೆಯೊಂದರಲ್ಲಿ ಒಂದು ದಿನ ದೋಣಿಯಲ್ಲಿ ಹೋದ ಕಥೆ, ಚಿತ್ರಗಳ ಸಮೇತ. ಗಿರಣಿಯಲ್ಲಿ ತೌಡಿನ ಚೀಲದ ಮೇಲೆ ಕೂತು ಓದುತ್ತಿದ್ದೆ. ಕಾಕಾ ಚಿತ್ರ ನೋಡಿದರು.

"ಇದೇನವಾ, ದೋಣಿ ಕ್ವಾಣ್ಯಾಗ ಕುಂತದ?"

ಹೇಳಬೇಕಾಯಿತು. ಅದು ಕೋಣೆಯಲ್ಲ, ನೀರಿನ ಮೆಟ್ಟಿಲು. ಕಾಲುವೆಗೆ ಅಡ್ಡ ಎರಡು ಗೇಟು. ದೋಣಿ ಒಳಗೆ ಬಂದ ಕೂಡಲೇ ಹಿಂದಿನ ಗೇಟು ಮುಚ್ಚುತ್ತಾರೆ, ಮೇಲಿನಿಂದ ನೀರು ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಮೇಲಿನ ಮಟ್ಟಕ್ಕೆ ಬಂದ ಮೇಲೆ ಮುಂದಿನ ಗೇಟು ತೆಗೆಯುತ್ತಾರೆ, ದೋಣಿ ಮುಂದಕ್ಕೆ. ಗೇಟು ಕಾಯುವವನ ಮನೆ ಪಕ್ಕದಲ್ಲೇ. ಹೂವಿನ ಗಿಡ ಹಾಕಿದ್ದಾನೆ, ಕೋಳಿ ಸಾಕಿದ್ದಾನೆ, ಹೋಗುವವರನ್ನೆಲ್ಲ ಮಾತಾಡಿಸುತ್ತಾನೆ. ಇಳಿಯುವುದಾದರೆ ಇದೇ ಕೆಲಸ ತಿರುವುಮುರುವು.

"ಅಂದ್ರ ದೋಣಿ ದಿಬ್ಬ ಏರತದ?"

"ಏರತದ ಕಾಕಾ."

"ಕುಲುಕಂಗಿಲ್ಲ?"

"ಆ ಹೆಣ್ಣುಮಗಳು ದೋಣಿಯೊಳಗ ಕೂತು ಚಹಾ ಕುಡೀತಿದ್ದಳು ಅಂತ ಬರೆದಾರ."

"ಚೆಲ್ಲಿತು ಅಂತ ಬರೆದಾರೇನು?"

ಮತ್ತೊಮ್ಮೆ ನೋಡಿ, ಬರೆದಿಲ್ಲ ಎಂದೆ. ಕಾಕಾ ಎದ್ದು ನಿಂತರು. ಅವರ ಮುಖದಲ್ಲಿ ಬೆಳಕೂ ಹೊಟ್ಟೆಕಿಚ್ಚೂ ಒಟ್ಟಿಗೆ ಬಂದದ್ದು ಆಗಲೇ!

ಬಾಯಿಮಾತಿಗೆ ಒಪ್ಪುವವರಲ್ಲವಲ್ಲ? ಗಿರಣಿಯಲ್ಲಿ ಭತ್ತ ನೆನೆಹಾಕುವ ಸಿಮೆಂಟಿನ ತೊಟ್ಟಿಗಳಿದ್ದವು, ಒಂದು ಎತ್ತರಕ್ಕೆ, ಒಂದು ತಗ್ಗಿಗೆ. ನಡುವೆ ಹಲಗೆ ಕೂಡಿಸಿ, ಸಂದಿಗೆ ಚಿಂದಿ ತುರುಕಿ, ಮರುದಿನವೇ ಅಲ್ಲೊಂದು ಫ್ರಾನ್ಸ್ ಕಟ್ಟಿದರು. ಹಿಟ್ಟು ನಾದುವ ಹಿತ್ತಾಳೆಯ ಪರಾತವೇ ದೋಣಿ. ಪರಾತದಲ್ಲಿ ಮಜ್ಜಿಗೆ ಲೋಟ. ಮೇಲಿನಿಂದ ನೀರು ಬಿಟ್ಟರು. ಪರಾತ ಮೆಲ್ಲಗೆ, ದೇವರನ್ನು ಎತ್ತಿದ ಹಾಗೆ, ಮೇಲಕ್ಕೆ ಬಂತು. ಕೆಳಗೆ ಇಳಿಸಿದರು. ಮತ್ತೆ ಏರಿಸಿದರು. ಒಂದು ಹನಿ ಚೆಲ್ಲಲಿಲ್ಲ! ಆ ಸಂತೋಷದಲ್ಲಿ ವಾರವಿಡೀ ಕಂಡಕಂಡವರನ್ನು ಕರೆದು ಪರಾತ ಏರಿಸಿ ಇಳಿಸಿ ತೋರಿಸಿದರು. ತೊಟ್ಟಿಯ ತಳದಲ್ಲಿ ನೆನೆಹಾಕಿದ್ದ ಭತ್ತ ಮಾತ್ರ ಯಾರಿಗೂ ನೆನಪಾಗಲಿಲ್ಲ. ಅದು ತನ್ನ ಪಾಡಿಗೆ ಮೊಳೆಯಿತು.

ಚಿಗವ್ವ ಬಂದು ಹಸಿರು ತೊಟ್ಟಿ ನೋಡಿದಳು. "ಗಿರಣಿಯಾಗ ಸಸಿಮಡಿ ಮಾಡಿದ ಮೊದಲ ಸಾಹುಕಾರ ನೀವಾ ನೋಡ್ರಿ" ಅಂದಳು.

ಇಷ್ಟಾದ ಮೇಲೆ ಕಾಕಾ ಕಾಲುವೆ ಕಚೇರಿಗೆ ಹೋದರು. ಊರಿನ ಪರವಾಗಿ ನಮ್ಮ ಉಪಕಾಲುವೆಗೆ ನೀರು ಬಿಡಿ ಎಂದು ಜಗಳವಾಡಲು ಅವರು ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದಿತ್ತು. ಈ ಸಲ ಬೇಡಿಕೆ ಎರಡು.

"ಸಾಹೇಬ್ರ, ಗೇಟಿನ ಮುಂದ ಇನ್ನೊಂದು ಗೇಟು ಕೂಡಿಸ್ರಿ. ಫ್ರಾನ್ಸಿನಾಗ ಹಂಗ ಅದ."

"ಯಜಮಾನ್ರೇ, ಇರೋ ಗೇಟಿಗೆ ಎಣ್ಣೆ ಹಾಕೋಕೆ ಮೇಲಿಂದ ಆರ್ಡರ್ ಬರಬೇಕು. ಫ್ರಾನ್ಸ್ ಆಮೇಲೆ ನೋಡೋಣ."

"ಹಂಗಾರ ನಮ್ಮೂರಿಗೆ ನೀರರ ಬಿಡ್ರಿ. ಭತ್ತದ ಸಸಿ ಒಣಗಾಕತ್ತಾವ."

ಒಂದು ಬೇಡಿಕೆಗೆ ಇಲ್ಲವೆಂದ ಮೇಲೆ ಇನ್ನೊಂದಕ್ಕೆ ಹೂಂ ಅನ್ನದಿದ್ದರೆ ಈ ಮನುಷ್ಯ ಏಳುವುದಿಲ್ಲ ಎಂದು ಸಾಹೇಬರಿಗೆ ಗೊತ್ತಿತ್ತು. "ಆಯ್ತು, ಬರೋ ಸೋಮವಾರ ನಿಮ್ಮ ಕಾಲುವೆಗೆ ತಿರುಗಿಸ್ತೀವಿ, ನಡೀರಿ" ಅಂದರು. ಕಾಕಾ ಗೆದ್ದು ಬಂದರು. ಮನೆಗೆ ಬಂದವರೇ ಪಂಚಾಂಗ ತೆಗೆಸಿ, ಮಗಳನ್ನು ಕರೆತರಲು ಪ್ರಶಸ್ತವಾದ ದಿನ ಯಾವುದೆಂದು ಊರಿನ ಮಠದ ಸ್ವಾಮಿಗಳನ್ನು ಕೇಳಿದರು. ಸೋಮವಾರವೇ ಬಂತು. ಶಿವನ ವಾರ! ಇದಕ್ಕಿಂತ ಒಳ್ಳೆಯದು ಬೇಕೆ?

ದೋಣಿ? ದೇವದುರ್ಗದ ಆಚೆ, ಕೃಷ್ಣಾ ದಂಡೆಯಿಂದ ಹರಿಗೋಲು ಬಂತು. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದಂಥದ್ದು. ಹೊಳೆ ದಾಟಲು ಅಲ್ಲಿಯ ಜನಕ್ಕೆ ಅದೇ ಬಸ್ಸು. ಚಕ್ಕಡಿಯ ಮೇಲೆ ಅದನ್ನು ಬೋರಲು ಹಾಕಿಕೊಂಡು, ಅದರ ಜೊತೆ ಮುದುಕ ಅಂಬಿಗ ಮುತ್ಯಾನೂ ಬಂದ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಹುಟ್ಟು ಹಾಕಿದವನು. ಕಾಲುವೆ ನೋಡಿ ಮುಖ ಹಿಂಡಿದ.

"ಹೊಳಿ ಅಂದ್ರ ಅದಕೊಂದು ಮರ್ಯಾದಿ ಅದ. ಇದೇನ್ರಿ, ಕೀಲಿ ಹಾಕಿದ ನೀರು! ಯಾರೋ ಮ್ಯಾಲ ಕುಂತು ಬಿಟ್ರ ಬರತದ, ಬ್ಯಾಡಂದ್ರ ಹೋಗತದ."

"ಫ್ರಾನ್ಸಿನಾಗ..." ಎಂದು ಕಾಕಾ ಶುರುಮಾಡಿದರು.

"ಫ್ರಾನ್ಸು ಯಾವ ಹೊಳಿ ದಂಡಿ ಮ್ಯಾಲ ಬರತದ?" ಎಂದು ಮುತ್ಯಾ ಕೇಳಿದ. ಕಾಕಾ ನನ್ನ ಕಡೆ ನೋಡಿದರು. ಇಷ್ಟೊಂದು ಓದಿಸಿದ್ದು ಯಾತಕ್ಕೆ ಎನ್ನುವ ನೋಟ ಅದು.

ಸೋಮವಾರ ಬೆಳಿಗ್ಗೆ ಮಲ್ಲಟದ ಹತ್ತಿರ, ಕಾಲುವೆಯ ಮೆಟ್ಟಿಲಿನಿಂದ ನಮ್ಮ ಯಾನ ಹೊರಟಿತು. ಅಕ್ಕನ ಅತ್ತೆ ಹರಿಗೋಲಿಗೆ ಕುಂಕುಮ ಹಚ್ಚಿದರು. "ನಮ್ಮ ಸೊಸಿ ಮೀನಾಗಿ ಹೊಂಟಾಳವಾ" ಎಂದು ನಕ್ಕರು. ನಡುವೆ ಹಾಸಿದ ಕೌದಿಯ ಮೇಲೆ ಅಕ್ಕ, ಅವಳಿಗೆ ಒತ್ತಾಗಿ ನಾನು, ಅಂಚಿನಲ್ಲಿ ಮುತ್ಯಾ. ಕಾಕಾ?

ಕಾಕಾ ದಂಡೆಯ ಮೇಲಿದ್ದರು. ಕೊಡೆ ಬಿಚ್ಚಿದರು. "ನಡೀರಿ" ಅಂದರು.

"ಸಾಹುಕಾರ್ರ, ಹತ್ತಂಗಿಲ್ಲೇನು?"

"ಎಲ್ಲಾರೂ ಒಳಗ ಕುಂತ್ರ ಹೊರಗಿನಿಂದ ನೋಡೋರು ಯಾರು? ನೀ ನಡಿ, ನಾ ದಂಡಿಗುಂಟ ಬರ್ತೀನಿ."

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅವಳಪ್ಪನಿಗೆ ನೀರೆಂದರೆ ಜೀವ ಹೋಗುವಷ್ಟು ಹೆದರಿಕೆಯಂತೆ. ಬಾವಿ ಕಟ್ಟೆಯಿಂದಲೂ ಮಾರು ದೂರ ನಿಲ್ಲುತ್ತಾರಂತೆ! ಒಂದು ದೇಶದ ಜಲಮಾರ್ಗಕ್ಕೆ ಸವಾಲು ಹಾಕಿದ ಮನುಷ್ಯ!

ಹರಿಗೋಲು ನೇರ ಹೋಗುವ ಜಾತಿಯದಲ್ಲ. ತಿರುಗುತ್ತ ಹೋಗುತ್ತದೆ. ಒಮ್ಮೆ ತೊಗರಿ ಹೊಲ, ಒಮ್ಮೆ ಭತ್ತದ ಮಡಿ, ಒಮ್ಮೆ ಜಾಲಿ ಗಿಡ, ಒಮ್ಮೆ ಕಾಕಾನ ಕೊಡೆ. ಮತ್ತೆ ತೊಗರಿ ಹೊಲ. ಪ್ರತಿ ಸುತ್ತಿಗೂ ಕಾಕಾ ಒಮ್ಮೆ ಹಾಜರಾಗಿ, "ಚೆಲ್ಲಿತೇನು?" ಎಂದು ಕೂಗುತ್ತಿದ್ದರು. ಅಕ್ಕನ ಕೈಯಲ್ಲಿ ಮಜ್ಜಿಗೆ ಲೋಟ ಕೊಟ್ಟಿದ್ದರೆಂದು ಬೇರೆ ಹೇಳಬೇಕೆ? ನಾಲ್ಕನೆಯ ಸಲ ಕೇಳುವಷ್ಟರಲ್ಲಿ ಅವಳು ಅದನ್ನು ಕುಡಿದುಬಿಟ್ಟಿದ್ದಳು. "ಒಂದು ಹನೀನೂ ಚೆಲ್ಲಿಲ್ಲಪ್ಪಾ!" ಎಂದು ಖಾಲಿ ಲೋಟ ಎತ್ತಿ ಕೂಗಿದಳು. ಬಹಳ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು. ಅವಳ ನಗು ಕೇಳಿ ಕಾಕಾ ದಂಡೆಯ ಮೇಲೆ ಇನ್ನೂ ಜೋರಾಗಿ ಹೆಜ್ಜೆ ಹಾಕಿದರು.

ಮೊದಲ ಗೇಟು ಬಂತು. ಫ್ರಾನ್ಸಿನಂಥ ಕೋಣೆ ಇಲ್ಲಿ ಇಲ್ಲ. ಇರುವುದು ಒಂದೇ ಗೇಟು, ಅದರಾಚೆ ನೀರು ಧಡಧಡನೆ ಕೆಳಗೆ ಬೀಳುತ್ತದೆ. ಹಾಗಾಗಿ ನಾವು ಇಳಿದೆವು. ಹೊಲದಲ್ಲಿದ್ದವರು ನಾಲ್ಕು ಜನ ಬಂದು ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತರು. ಎಂಟು ಕಾಲಿನ ಆಮೆಯೊಂದು ದಂಡೆಯ ಮೇಲೆ ನಡೆದು, ಗೇಟು ದಾಟಿ, ಆಚೆ ನೀರಿಗೆ ಇಳಿಯಿತು.

"ಫ್ರಾನ್ಸಿನಾಗ ಇದಕ ಎಷ್ಟೊತ್ತು ಹಿಡೀತದ?" ಎಂದರು ಕಾಕಾ.

"ಕಾಲು ತಾಸಾದರೂ ಆಗತದ ಅಂತ ಕಾಣಸ್ತದ."

"ನಮ್ಮದು ಎಲಿಗೆ ಸುಣ್ಣ ಹಚ್ಚೋದ್ರಾಗ ಮುಗೀತು!"

ಆದರೆ ಮುಗಿದಿರಲಿಲ್ಲ. ಹೊಲದ ಹೆಂಗಸರು ಅಕ್ಕನನ್ನು ನೋಡಿದ್ದರು. ತುಂಬಿದ ಬಸುರಿ ತವರಿಗೆ ಹೋಗುವಾಗ ತಮ್ಮ ಹೊಲದ ಮುಂದಿನಿಂದ ಬರಿ ಉಡಿಯಲ್ಲಿ ಹಾದುಹೋಗುವುದೆಂದರೇನು! "ನಿಂದರಬೇ, ಉಡಿ ತುಂಬತೀವಿ" ಎಂದು ಓಡಿ ಬಂದರು. ಅವಳ ಸೆರಗಿಗೆ ಜೋಳ, ಹಸಿ ತೊಗರಿಕಾಯಿ, ಬೆಲ್ಲದ ಹೆಂಟೆ. ಎರಡನೆಯ ಗೇಟಿಗೆ ಬರುವಷ್ಟರಲ್ಲಿ, ಅದು ಹೇಗೋ, ಸುದ್ದಿ ನೀರಿಗಿಂತ ಮುಂದೆ ಹೋಗಿತ್ತು. ಅಲ್ಲಿ ಹೆಂಗಸರು ಸಾಲಾಗಿ ಕಾಯುತ್ತಿದ್ದರು. ಸಜ್ಜೆ ರೊಟ್ಟಿ, ಎಳ್ಳುಂಡೆ, ಬದನೆಕಾಯಿ, ಕಡಲೆ ಗಿಡದ ಸಿವುಡು. ಉಡಿಯಲ್ಲಿ ಹಿಡಿಯದ್ದು ಹರಿಗೋಲಿಗೆ ಬಂತು. ಒಬ್ಬಾಕೆಯಂತೂ ಎರಡು ಕೈಯಲ್ಲಿ ತಬ್ಬಿ ತಂದ ಕುಂಬಳಕಾಯಿಯನ್ನು ಅಕ್ಕನ ಪಕ್ಕದಲ್ಲಿ, ಇನ್ನೊಬ್ಬ ಪ್ರಯಾಣಿಕನನ್ನು ಕೂಡಿಸಿದಂತೆ ಕೂಡಿಸಿದಳು.

"ಸಾಹುಕಾರ್ರ, ಇದು ಹರಗೋಲೋ ಸಂತಿ ಗಾಡಿಯೋ?" ಎಂದು ಮುತ್ಯಾ ಕೂಗಿದ. ಅಂಚಿಗೂ ನೀರಿಗೂ ಗೇಣು ಮಾತ್ರ ಉಳಿದಿತ್ತು. "ಭಾರ ಆಗೇದ. ಏನರ ಇಳಿಸ್ರಿ!"

"ಉಡಿ ಇಳಿಸಬಾರದೋ! ಶುಭ ಅಲ್ಲ" ಎಂದರು ಕಾಕಾ.

"ಹಂಗಾರ ಏನ್ ಇಳಿಸ್ಲಿ?"

ಕಾಕಾ ದಂಡೆಯಿಂದ ನಮ್ಮೆಲ್ಲರನ್ನೂ ಒಮ್ಮೆ ತೂಗಿ ನೋಡಿದರು. "ಯವ್ವಾ, ನೀ ಇಳಿ" ಎಂದು ನನಗೆ ಹೇಳಿದರು.

ಇಳಿದೆ. ಕುಂಬಳಕಾಯಿ ಒಳಗೆ, ಎಂ.ಎ. ಹೊರಗೆ! ಒಂದು ಪದವಿಯ ಬೆಲೆಯೆಷ್ಟು ಎಂದು ವಿಶ್ವವಿದ್ಯಾಲಯದಲ್ಲಿ ತಿಳಿಯದ್ದು ನನಗೆ ಆ ಕಾಲುವೆಯ ದಂಡೆಯ ಮೇಲೆ ತಿಳಿಯಿತು.

ಮಧ್ಯಾಹ್ನ ಹೊರಳಿತು. ಮೂರನೆಯ ಗೇಟನ್ನೂ ದಾಟಿಸಿ ನೀರಿಗೆ ಬಿಟ್ಟು, ನಾನು ಕಾಕಾನ ಕೊಡೆಯ ಅರ್ಧ ನೆರಳಿನಲ್ಲಿ ನಡೆಯುತ್ತಿದ್ದೆ. ಇನ್ನು ಒಂದು ಹರದಾರಿ ಹೋದರೆ ನಮ್ಮೂರಿನ ಸೇತುವೆ. ಕಾಕಾ ಮುಂದಿನ ಯೋಜನೆ ಹೇಳುತ್ತಿದ್ದರು. ಇನ್ನು ಮೇಲೆ ತಾಲೂಕಿನ ಬಸುರಿಯರೆಲ್ಲ ಇದೇ ದಾರಿಯಲ್ಲಿ ಬರುವಂತೆ ಮಾಡಬೇಕು, ಪ್ರತಿ ಗೇಟಿಗೂ ಒಂದು ಬೇವಿನ ಗಿಡ, ಒಂದು ಕಟ್ಟೆ...

"ಸಾಹುಕಾರ್ರ!" ಮುತ್ಯಾ ಕೂಗಿದ. "ನೀರು ಇಳ್ಯಾಕತ್ತದ!"

ನೋಡಿದೆವು. ದಂಡೆಯ ಕಲ್ಲುಗಳ ಮೇಲೆ ಒದ್ದೆಯ ಗೆರೆ ಮೇಲೆ ಉಳಿದು, ನೀರು ಅದರ ಕೆಳಗೆ ಸರಿದಿತ್ತು. ನೋಡುತ್ತಿದ್ದಂತೆ ಇನ್ನೊಂದು ಗೇಣು ಸರಿಯಿತು. ಮುತ್ಯಾ ಹುಟ್ಟು ಎಸೆದು ಗಳ ಊರಿದ. ಹರಿಗೋಲು ಒಂದು ಸುತ್ತು ತಿರುಗಿತು, ಅರ್ಧ ಸುತ್ತು ತಿರುಗಿತು, ಬುಸ್ಸೆಂದು ಹೂಳಿನಲ್ಲಿ ಕೂತುಬಿಟ್ಟಿತು.

ಕಾಕಾ ಕೊಡೆ ಮಡಚಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಇವತ್ತು ಸೋಮಾರ ಅಲ್ಲೇನವಾ?"

ಸೋಮವಾರ! ವಾರಗಟ್ಟಲೆ ಜಗಳವಾಡಿ ಅವರೇ ಬಿಡಿಸಿಕೊಂಡ ನೀರು. ನಾವು ಈಗಷ್ಟೇ ದಾಟಿ ಬಂದ ಗೇಟನ್ನು ಮುಚ್ಚಿ, ದೊಡ್ಡ ಕಾಲುವೆಯ ನೀರನ್ನೆಲ್ಲ ಪಕ್ಕದ ನಮ್ಮೂರಿನ ಉಪಕಾಲುವೆಗೆ ತಿರುಗಿಸಿದ್ದರು. ಹೇಳಿದ ದಿನವೇ, ಹೇಳಿದಂತೆಯೇ! ಕಾಲುವೆ ಕಚೇರಿಯವರು ಮಾತಿಗೆ ತಪ್ಪದ ದಿನವೊಂದು ಬಂದೀತೆಂದು ಕಾಕಾ ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ನಕ್ಕೆ. ನಗುತ್ತ ಅಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಕೈಸನ್ನೆ ಮಾಡಿ ಕರೆದಳು. ಚಪ್ಪಲಿ ಬಿಟ್ಟು, ಇಳಿಜಾರಿನ ಕಲ್ಲು ಹಿಡಿದು ಇಳಿದು, ಮೊಣಕಾಲು ಮಟ್ಟದ ಕೆಸರಿನಲ್ಲಿ ಅವಳ ಹತ್ತಿರ ಹೋದೆ.

"ಅಪ್ಪಗ ಹೇಳಬ್ಯಾಡ," ಅಂದಳು. "ಎರಡನೇ ಗೇಟು ಬಿಟ್ಟಾಗಿಂದ ಇದು ಅಲ್ಲಾಡಿಲ್ಲ. ಹೊಟ್ಯಾಗ ಸುಮ್ಮನದ."

ನಾನು ಹೇಳಲಿಲ್ಲ. ತಿರುಗಿ ದಂಡೆಯ ಕಡೆ ನೋಡಿದೆ, ಅಷ್ಟೇ. ನನ್ನ ಮುಖದಲ್ಲಿ ಅವರು ಏನು ಓದಿದರೋ. ಕೊಡೆ ಬಿಸಾಕಿದರು. ಬಾವಿ ಕಟ್ಟೆಯಿಂದ ಮಾರು ದೂರ ನಿಲ್ಲುವ ಮನುಷ್ಯ ಆ ಇಳಿಜಾರಿನಲ್ಲಿ ಜಾರಿ, ಎದ್ದು, ಮತ್ತೆ ಜಾರಿ, ಧೋತರದ ತುಂಬ ಕೆಸರಾಗಿ ಬಂದರು. ಬಂದವರೇ ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದು ನಿಂತರು. ಅದು ನೆಲಕ್ಕೆ ಕಚ್ಚಿಕೊಂಡಿತ್ತು, ಯಾರು ನೂಕಿದರೂ ಅಲುಗುವಂತಿರಲಿಲ್ಲ. ಆದರೂ ಅದು ಅಲುಗದಂತೆ ಹಿಡಿದುಕೊಂಡು ನಿಂತೇ ಇದ್ದರು.

ಅಷ್ಟರಲ್ಲಿ ದಂಡೆಯ ಮೇಲೆ ಗದ್ದಲ ಕೇಳಿತು. ಗೇಟಿನ ಕೆಳಗಿನ ಹೊಲದವರು ಏಳೆಂಟು ಜನ, ಸಲಿಕೆ ಹಿಡಿದು ಬರುತ್ತಿದ್ದರು. ಅವರ ಹೊಲಕ್ಕೆ ಹರಿಯುತ್ತಿದ್ದ ನೀರು ನಿಂತುಹೋಗಿತ್ತಲ್ಲ!

"ಯಾವಾಂವಲೇ ಅಂವ, ನಮ್ಮ ನೀರು ಬಂದ್ ಮಾಡಿಸಿದಾಂವ?"

"ಕಲ್ಲೂರಿನ ಗಿರಣಿ ಸಾಹುಕಾರ ಅಂತ. ಗೇಟಿನಾಂವ ಹೇಳಿದ."

"ಸಿಗಲಿ ಮಗ, ಇದಾ ಕಾಲುವ್ಯಾಗ ಹುಗೀತೀನಿ!"

ಹುಗಿಯುವ ಕೆಲಸ ಅರ್ಧ ಆಗಲೇ ಆಗಿತ್ತು. ಕಾಕಾ ಮೊಣಕಾಲವರೆಗೆ ಹೂತು ನಿಂತಿದ್ದರು. ಮುಂದಿದ್ದ ದಪ್ಪ ಮೀಸೆಯ ರೈತ ಕೆಳಗೆ ಬಗ್ಗಿ ನೋಡಿದ.

"ಸಾಹುಕಾರ್ರ, ನೀವಾ ಏನ್ರಿ?"

"ನಾನಾ" ಅಂದರು ಕಾಕಾ.

"ನಮ್ಮ ನೀರು ನಿಮ್ಮೂರಿಗೆ ಒಯ್ದು, ನೀವು ಇಲ್ಲಿ ಕೆಸರಿನ್ಯಾಗ ಏನ್ ಮಾಡಾಕತ್ತೀರಿ?"

ಬೇರೆ ದಿನವಾಗಿದ್ದರೆ ಕಾಕಾ ಇದಕ್ಕೆ ಒಂದು ತಾಸು ಉತ್ತರ ಕೊಡುತ್ತಿದ್ದರು. ಅವತ್ತು, "ನನ್ನ ಮಗಳು ಬಸರಿ ಅದಾಳಪಾ" ಅಂದರು. ಅಷ್ಟೇ. ಮೀಸೆಯವನು ಹರಿಗೋಲಿನಲ್ಲಿ ಕುಂಬಳಕಾಯಿಯ ಪಕ್ಕ ಕೂತ ಅಕ್ಕನನ್ನು ನೋಡಿದ. ಹೊಟ್ಟೆಯ ಮೇಲಿಟ್ಟುಕೊಂಡ ಅವಳ ಎರಡೂ ಕೈ ನೋಡಿದ. ಸಲಿಕೆ ಕೆಳಗಿಟ್ಟ.

"ಜಗಳ ಎಲ್ಲೂ ಹೋಗಂಗಿಲ್ರಿ. ನಾಳಿಗೆ ನಿಮ್ಮ ಗಿರಣಿಗೇ ಬಂದು ಮಾಡ್ತೀವಿ, ಚಹಾ ಇಡಿಸ್ರಿ. ಲೇ, ಗಳ ತರ್ರಿ! ತಂಗಿ, ನೀ ಏಳಬ್ಯಾಡ. ಈ ಕೆಸರಿನ್ಯಾಗ ಜಾರಿದ್ರ ಫಜೀತಿ. ಕುಂತಂಗ ಕುಂದ್ರು, ಬುಟ್ಟಿ ಸಮೇತ ಎತ್ತತೀವಿ."

ಎಲ್ಲರೂ ಇಳಿದರು. ಹರಿಗೋಲಿನ ಅಡಿಗೆ ಎರಡು ಗಳ ತೂರಿಸಿದರು. ಒಬ್ಬ ಇಣುಕಿ ನೋಡಿ, "ಈ ಕುಂಬಳಕಾಯಿನೂ ಹೊರಬೇಕೇನ್ರಿ?" ಅಂದ.

"ಉಡಿ ಅದಪಾ ಅದು" ಅಂದರು ಕಾಕಾ.

"ಉಡಿ ಅಂದ್ರ ಮುಗೀತು ಬಿಡ್ರಿ" ಎಂದು ಅವನು ತನ್ನ ರುಮಾಲು ಸುತ್ತಿ ಹೆಗಲಿಗೆ ಇಟ್ಟುಕೊಂಡ.

"ಸಾಹುಕಾರ್ರ, ನಿಮಗ ವಯಸ್ಸಾಗೇದ. ನೀವು ಸರೀರಿ" ಎಂದು ಮೀಸೆಯವನು ಹೇಳಿದ. ಕಾಕಾ ಕೇಳಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿ, ಎಲ್ಲರ ನಡುವೆ ನುಗ್ಗಿ, ಹರಿಗೋಲಿನ ಬುಡಕ್ಕೆ ನೇರವಾಗಿ ಅಕ್ಕ ಕೂತ ಜಾಗಕ್ಕೆ ಹೆಗಲು ಕೊಟ್ಟರು. ಅಂಬಿಗ ಮುತ್ಯಾ "ಹರಹರಾ" ಅಂದ. ಕೆಸರು ಒಲ್ಲೆ ಒಲ್ಲೆ ಎನ್ನುತ್ತ ಬಿಟ್ಟುಕೊಟ್ಟಿತು. ಅಕ್ಕ ಪಲ್ಲಕ್ಕಿಯಲ್ಲಿ ಕೂತಂತೆ ಮೇಲಕ್ಕೆದ್ದಳು. ನಾನು ಪಕ್ಕದಲ್ಲಿ ಅವಳ ಕೈ ಹಿಡಿಯಲು ಚಾಚಿ, ಎಟುಕದೆ, ಹರಿಗೋಲಿನ ಅಂಚನ್ನೇ ಹಿಡಿದು ಏರತೊಡಗಿದೆ. ಮೇಲಿನವರು ಬಗ್ಗಿ, ಕೆಳಗಿನವರು ಕೈ ಎತ್ತರಿಸಿ, ಆ ಇಳಿಜಾರಿನಲ್ಲೂ ಅದನ್ನು ಮಟ್ಟವಾಗಿ ಹಿಡಿದಿದ್ದರು. ಒಂದು ಹೆಜ್ಜೆ. ನಿಲ್ಲುವುದು. ಇನ್ನೊಂದು ಹೆಜ್ಜೆ.

ದಂಡೆಯ ಅರ್ಧಕ್ಕೆ ಬಂದಾಗ ಅಕ್ಕ "ಅಯ್ಯ!" ಅಂದಳು.

ಎಲ್ಲರೂ ನಿಂತುಬಿಟ್ಟರು.

"ಏನಾತು ತಂಗಿ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಕಣ್ಣಿನ ತುಂಬ ನೀರು, ಬಾಯಿಯ ತುಂಬ ನಗು.

"ಒದೀತು" ಅಂದಳು. "ಯಪ್ಪಾ, ಒದೀತು! ಮತ್ತ ಒದಿಯಾಕತ್ತದ!"

"ಒದೀಲಾರದೇನು!" ಎಂದ ಮೀಸೆಯವನು ಹೆಗಲ ಭಾರದ ಕೆಳಗಿನಿಂದಲೇ. "ನಮ್ಮ ನೀರು ಹೊಡಕೊಂಡು ಹೋದ ಮನಿತನದ ಕೂಸು ಅದು!"

ಎಲ್ಲರೂ ನಕ್ಕರು. ಹರಿಗೋಲು ಆ ನಗುವಿಗೆ ಒಂದಿಷ್ಟು ಕುಲುಕಿತು ಕೂಡ. ಕಾಕಾ ಎಲ್ಲೂ ಕಾಣಿಸುತ್ತಿರಲಿಲ್ಲ. ಅಷ್ಟೊಂದು ಕಾಲುಗಳ ನಡುವೆ ಕೆಸರು ಮೆತ್ತಿದ ಒಂದು ಧೋತರ ಮಾತ್ರ ನನಗೆ ಕಂಡಿತು. ನಗು ಇಳಿದ ಮೇಲೆ, ಬುಟ್ಟಿಯ ಅಡಿಯಿಂದ, ನಾನು ಎಂದೂ ಕೇಳಿರದ ಸಣ್ಣ ಧ್ವನಿಯೊಂದು ಬಂತು.

"ಇನ್ನೊಮ್ಮೆ ಹೇಳು, ನನ್ನವ್ವಾ."

ಹೊತ್ತವರು ಯಾರೂ ಹೆಜ್ಜೆ ಎತ್ತಲಿಲ್ಲ. ಅಕ್ಕ ಇನ್ನೊಮ್ಮೆ ಹೇಳಿದಳು.